ಸಹಾಯ ಬೇಕು: ಗಮ್ ಹಾಕದೆ ಫ್ರೇಮ್ ಮಾಡುವವರು ದಾವಣಗೆರೆಯಲ್ಲಿ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಂ ಕವರ್ ನೋಡಿರುತ್ತೀರಿ ಅಲ್ವಾ? ಕಪ್ಪು ಹಿನ್ನೆಲೆ, ನಡುವೆ ಪ್ರಿಸಂ, ಬಣ್ಣದ ಪಟ್ಟೆ. ಅದರ ಲಿಮಿಟೆಡ್ ಎಡಿಷನ್ ಪ್ರಿಂಟ್ ಒಂದು ಕೈಗೆ ಬಂದಿದೆ. ಕೆಳಗಿನ ಅಂಚಿನಲ್ಲಿ, ಕವರ್ ವಿನ್ಯಾಸ ಮಾಡಿದವರಲ್ಲಿ ಒಬ್ಬರಾದ ಸ್ಟಾರ್ಮ್ ಥಾರ್ಗರ್ಸನ್ ಅವರ ಪೆನ್ಸಿಲ್ ಸಹಿ, ಪಕ್ಕದಲ್ಲಿ ಪ್ರತಿಯ ನಂಬರ್. ಅವರು 2013ರಲ್ಲೇ ತೀರಿಕೊಂಡರು, ಹಾಗಾಗಿ ಸಹಿಗೆ ಬೆಲೆ ಜಾಸ್ತಿ. (ಪ್ರಿಸಂ ಬಿಡಿಸಿದ್ದು ಜಾರ್ಜ್ ಹಾರ್ಡಿ. ಅವರ ಹೆಸರು ಯಾರೂ ಹೇಳುವುದಿಲ್ಲ, ಪಾಪ.)

ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಚ್ಚಿನ ಚುಕ್ಕೆಗಳಿಲ್ಲ, ಓರೆ ಬೆಳಕಿಗೆ ಪೆನ್ಸಿಲ್ ಹೊಳಪು ಕಾಣುತ್ತದೆ. ಅಷ್ಟರ ಮಟ್ಟಿಗೆ ಸಮಾಧಾನ.

ತಲೆನೋವು ಫ್ರೇಮಿನದು. ಮಂಡಿಪೇಟೆ ಕಡೆ ಕೇಳಿದರೆ, ಹಾರ್ಡ್‌ಬೋರ್ಡಿಗೆ ಗಮ್ ಹಚ್ಚಿ ಅಂಟಿಸಿಬಿಡ್ತೀವಿ ಸಾರ್ ಅಂತಾರೆ. ಹಾಗೆ ಮಾಡಿದರೆ ಪ್ರಿಂಟ್ ಕಥೆ ಮುಗೀತು! ನನಗೆ ಬೇಕಿರುವುದು ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಫ್ರೇಮಿನೊಳಗೆ ಪ್ರಿಂಟ್ ಕೂರಿಸುವ ದಪ್ಪ ರಟ್ಟು). ಮೇಲಿನ ಅಂಚಿಗೆ ಮಾತ್ರ ತೆಳು ಕಾಗದದ ಪಟ್ಟಿ ಹಾಕಿ ತೂಗಬೇಕು. ಗಾಜು ಪ್ರಿಂಟಿಗೆ ತಾಗಬಾರದು. ಯುವಿ ತಡೆಯುವ ಗಾಜಾದರೆ ಇನ್ನೂ ಒಳ್ಳೆಯದು, ನಮ್ಮೂರ ಬಿಸಿಲು ಗೊತ್ತಲ್ಲ.

ದೃಶ್ಯಕಲಾ ಕಾಲೇಜಿನಲ್ಲಿ ಓದಿದವರು ಇಲ್ಲಿದ್ದರೆ, ನಿಮ್ಮ ಚಿತ್ರಗಳಿಗೆ ಎಲ್ಲಿ ಫ್ರೇಮ್ ಹಾಕಿಸುತ್ತೀರಿ? ಚಿತ್ರದುರ್ಗ, ಹರಿಹರವಾದರೂ ಬರುತ್ತೇನೆ. ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳಿಸಲು ಮಾತ್ರ ಹೇಳಬೇಡಿ.