ಹುಬ್ಬು ಸೀಳಿದೆ, ರೆಪ್ಪೆ ಕಪ್ಪಾಗಿದೆ: ಎಷ್ಟು ಕೋಡ್ ಹಾಕೋದು?

ಕೇಳಿದವರು (ಫ್ರೆಶರ್, ಬೆಂಗಳೂರು)
ಬಿಎಸ್ಸಿ ಮುಗಿಸಿ ಈಗಷ್ಟೇ ರೋಗಿಗಳ ಚಾರ್ಟ್ ಓದಿ ಬಿಲ್ಲಿಗೆ ಕೋಡ್ ಹಾಕುವ ಕೆಲಸಕ್ಕೆ, ಅಂದರೆ ಮೆಡಿಕಲ್ ಕೋಡಿಂಗ್‌ಗೆ ಸೇರಿದ್ದೇನೆ. ಅಮೆರಿಕದ ಎಮರ್ಜೆನ್ಸಿ ವಿಭಾಗದ (ಇಡಿ) ಚಾರ್ಟ್‌ಗಳು. ಕಣ್ಣಿನ ಸುತ್ತಲಿನ ಸಣ್ಣ ಗಾಯ ಬಂದರೆ ತಲೆ ಕೆಡುತ್ತೆ. ಉದಾಹರಣೆಗೆ ಇಂಥದ್ದು: ಹುಡುಗನಿಗೆ ಬೇಸ್‌ಬಾಲ್ ಬಡಿದಿದೆ. ಎಡ ಹುಬ್ಬಿನಲ್ಲಿ 2 ಸೆಂ.ಮೀ. ಸೀಳು, ಒಂದೇ ಪದರದ ಹೊಲಿಗೆ. ಅದೇ ಬದಿಯ ರೆಪ್ಪೆ ಊದಿ ಕಪ್ಪಾಗಿದೆ. ಫ್ಲೋರೆಸೀನ್ ಬಣ್ಣ ಹಾಕಿ ನೋಡಿದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತರಚಿದೆ. ಎಷ್ಟು ಕೋಡ್, ಯಾವುದು ಮೊದಲು?

ಇಡಿ ಚಾರ್ಟ್ ಆಡಿಟ್ ಮಾಡುವವರು
ಡಾಕ್ಟರು ‘ಐ ಇಂಜುರಿ’ ಅಂತ ಬರೆದಿದ್ದನ್ನು ಪಕ್ಕಕ್ಕಿಡಿ. ಪೆಟ್ಟು ಬಿದ್ದಿದ್ದು ಕಣ್ಣುಗುಡ್ಡೆಗೋ, ಅದರ ಸುತ್ತಲಿನ ಚರ್ಮಕ್ಕೋ? ಅದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಕಾಯಿಲೆ, ಗಾಯಗಳ ಕೋಡ್ ಪುಸ್ತಕ ಐಸಿಡಿ-10-ಸಿಎಂ ಪ್ರಕಾರ ಚರ್ಮದ ಮೇಲುಗಾಯ ಎಸ್00ಕ್ಕೆ, ಚರ್ಮ ಸೀಳಿದರೆ ಎಸ್01ಕ್ಕೆ, ಗುಡ್ಡೆ ಮತ್ತು ಕಣ್ಣಿನ ಗೂಡು ಎಸ್05ಕ್ಕೆ.

ಹುಬ್ಬಿಗೆ ಬೇರೆ ಕೋಡ್ ಹುಡುಕಬೇಡಿ, ಪುಸ್ತಕದ ಇಂಡೆಕ್ಸ್ ನಿಮ್ಮನ್ನು ರೆಪ್ಪೆಗೇ ಕಳಿಸುತ್ತೆ. ಆದ್ದರಿಂದ ಸೀಳಿಗೆ ಎಸ್01.112ಎ. ಅದೇ ಸೀಳು ಒಂದು ಬೆರಳು ಮೇಲೆ, ಹಣೆಯಲ್ಲಿದ್ದಿದ್ದರೆ ಎಸ್01.81 ಆಗುತ್ತಿತ್ತು. ಕಾರ್ನಿಯಾ ತರಚಿದ್ದಕ್ಕೆ ಎಸ್05.02, ಏಳನೇ ಅಕ್ಷರ ಎ, ನಡುವಿನ ಖಾಲಿ ಜಾಗ ತುಂಬುವ ಎಕ್ಸ್ ಮರೆಯಬೇಡಿ.

ಕಪ್ಪಾದ ರೆಪ್ಪೆ, ಅಂದರೆ ಎಸ್00.12, ಇಲ್ಲಿ ಬೇಡ. ಒಂದೇ ಜಾಗದಲ್ಲಿ ದೊಡ್ಡ ಗಾಯ ಇದ್ದಾಗ ತರಚು, ಬಾವು, ಹೆಪ್ಪುಗಟ್ಟಿದ ರಕ್ತವನ್ನು ಬೇರೆಯಾಗಿ ಕೋಡ್ ಮಾಡುವ ಹಾಗಿಲ್ಲ ಅನ್ನುತ್ತೆ ಗೈಡ್‌ಲೈನ್. ಫ್ರೆಶರ್‌ಗಳ ಚಾರ್ಟ್‌ನಲ್ಲಿ ನಾನು ಅತಿ ಹೆಚ್ಚು ಕತ್ತರಿಸುವ ಕೋಡ್ ಇದೇ.

ಸೀಳು ಇಲ್ಲದೆ ಬರೀ ಕಪ್ಪು ರೆಪ್ಪೆ, ಜತೆಗೆ ಕಾರ್ನಿಯಾ ತರಚು ಬಂದರೆ ಏನು? ಅಲ್ಲಿ ಪುಸ್ತಕವೇ ಎರಡು ಮಾತಾಡುತ್ತೆ. ಎಸ್00ರ ಕೆಳಗೆ ಎಸ್05 ಎಕ್ಸ್‌ಕ್ಲೂಡ್ಸ್ 1ರಲ್ಲಿದೆ, ಅಂದರೆ ಜೊತೆಗೆ ಹಾಕಬೇಡಿ. ಎಸ್05ರ ಕೆಳಗೆ ರೆಪ್ಪೆಯ ಮೇಲುಗಾಯ ಎಕ್ಸ್‌ಕ್ಲೂಡ್ಸ್ 2ರಲ್ಲಿದೆ, ಅಂದರೆ ಎರಡೂ ಇದ್ದರೆ ಹಾಕಬಹುದು! ಇದಕ್ಕೆ ಕ್ಲೈಂಟ್ ಏನು ಹೇಳುತ್ತಾರೋ ಅದನ್ನು ಇಮೇಲ್‌ನಲ್ಲಿ ತರಿಸಿಟ್ಟುಕೊಳ್ಳಿ. ಬಾಯಿಮಾತು ಆಡಿಟ್‌ನಲ್ಲಿ ನಡೆಯಲ್ಲ.

ಯಾವುದು ಮೊದಲು ಅನ್ನೋದು ಚಿಕಿತ್ಸೆ ಕೊಟ್ಟವರ ಪ್ರಕಾರ ಯಾವುದು ಹೆಚ್ಚು ಗಂಭೀರ ಅನ್ನೋದರ ಮೇಲೆ. ಕಣ್ಣು ಅಂದಾಕ್ಷಣ ಎಸ್05 ಮೇಲಕ್ಕೆ ಹೋಗಲ್ಲ, ನೋಟ್ಸ್ ಪೂರ್ತಿ ಓದಿ.

ಪ್ರೊಸೀಜರ್ ಕಡೆಯವರು
ಮಾಡಿದ ಚಿಕಿತ್ಸೆಗೆ ಸಿಪಿಟಿ ಅನ್ನೋ ಬೇರೆ ಕೋಡ್ ಪಟ್ಟಿ ಇದೆ. ಅದರಲ್ಲಿ ಹೊಲಿಗೆಗೆ 12011: ಮುಖ, ರೆಪ್ಪೆ ಎಲ್ಲ ಸೇರಿ 2.5 ಸೆಂ.ಮೀ. ವರೆಗಿನ ಸರಳ ಹೊಲಿಗೆ. ರೆಪ್ಪೆಯ ಕೋಡ್ ಅಂತ 67930ಕ್ಕೆ ಕೈ ಹಾಕಬೇಡಿ. ಅದಕ್ಕೆ ರೆಪ್ಪೆಯ ಅಂಚು, ಟಾರ್ಸಸ್ (ರೆಪ್ಪೆಯೊಳಗಿನ ಗಟ್ಟಿ ಪಟ್ಟಿ) ಅಥವಾ ಒಳಪೊರೆಯವರೆಗೆ ಗಾಯ ಹೋಗಿರಬೇಕು. ಮೆಡಿಕೇರ್ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ರೋಗಿಗೆ ಬರೀ ಅಂಟು ಹಾಕಿ ಮುಚ್ಚಿದ್ದರೆ ಜಿ0168.

ಅರ್ಜೆಂಟ್ ಕೇರ್ ಚಾರ್ಟ್‌ನವರು
ಏಳನೇ ಅಕ್ಷರದ ಎ ಅಂದರೆ ಮೊದಲ ಭೇಟಿ ಅಲ್ಲ ಕಣ್ರೀ, ಸಕ್ರಿಯ ಚಿಕಿತ್ಸೆ. ಇಡಿಯಿಂದ ಕಣ್ಣಿನ ತಜ್ಞರ ಹತ್ತಿರ ಹೋಗಿ ಅಲ್ಲಿ ಚಿಕಿತ್ಸೆ ಮುಂದುವರಿದರೂ ಎ. ಹೊಲಿಗೆ ಬಿಚ್ಚಿಸಲು ಬಂದಾಗ ಅದೇ ಗಾಯದ ಕೋಡ್, ಕೊನೆಗೆ ಡಿ (ನಂತರದ ಆರೈಕೆ). ಹೊಲಿಗೆ ಬಿಚ್ಚುವುದಕ್ಕೆ ಇರುವ ಝಡ್48.02 ಅನ್ನು ಗಾಯಗಳಿಗೆ ಹಾಕುವ ಹಾಗಿಲ್ಲ.

ಆಪ್ಟೋಮೆಟ್ರಿ ಓದಿ ಕೋಡಿಂಗ್‌ಗೆ ಬಂದವರು
ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕ ಕೇಸುಗಳು ನಾಳೆಯೇ ಬರುತ್ತವೆ, ಗ್ರೈಂಡಿಂಗ್ ಕೆಲಸದವರದು. ಚೂರು ಕಾರ್ನಿಯಾದಲ್ಲಿದ್ದರೆ ಟಿ15.0. ಸುತ್ತ ತರಚಿದೆ ಅಂತ ಎಸ್05.0 ಸೇರಿಸಬೇಡಿ, ಆ ಕೋಡ್ ಇರುವುದೇ ಚೂರು ಇಲ್ಲದ ತರಚಿಗೆ. ತೆಗೆದದ್ದು ಸ್ಲಿಟ್ ಲ್ಯಾಂಪ್ (ಕಣ್ಣು ನೋಡುವ ಸೂಕ್ಷ್ಮದರ್ಶಕ) ಇಟ್ಟುಕೊಂಡಾದರೆ 65222, ಇಲ್ಲವಾದರೆ 65220. ಕೆಲವೊಮ್ಮೆ ಪರೀಕ್ಷೆಗೆ ಮಾತ್ರ ಸ್ಲಿಟ್ ಲ್ಯಾಂಪ್ ಬಳಸಿ, ಚೂರನ್ನು ಲೂಪ್ (ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ) ಹಾಕಿಕೊಂಡು ತೆಗೆದಿರುತ್ತಾರೆ. ಪ್ರೊಸೀಜರ್ ನೋಟ್‌ನಲ್ಲಿ ಸ್ಲಿಟ್ ಲ್ಯಾಂಪ್ ಹೆಸರಿದ್ದರೆ ಮಾತ್ರ 65222.

ಕೇಳಿದವರು
ತುಂಬಾ ಉಪಕಾರ. ಡಾಕ್ಟರು ಎಡವೋ ಬಲವೋ ಬರೆದೇ ಇಲ್ಲದಿದ್ದರೆ? ಚೆಂಡಿಗೂ ಕೋಡ್ ಬೇಕಾ?

ಇಡಿ ಚಾರ್ಟ್ ಆಡಿಟ್ ಮಾಡುವವರು
ರೋಗಿ ಬಂದಾಗ ಮೊದಲು ನೋಡುವ ಟ್ರಯಾಜ್ ನರ್ಸ್ ನೋಟ್ ನೋಡಿ. ಬದಿ ಯಾವುದು ಅನ್ನೋದನ್ನು ಡಾಕ್ಟರು ಬರೆದಿಲ್ಲದಿದ್ದರೆ ಬೇರೆ ಕ್ಲಿನಿಷಿಯನ್ ದಾಖಲೆಯಿಂದ ತೆಗೆದುಕೊಳ್ಳಬಹುದು ಅಂತ ಗೈಡ್‌ಲೈನ್‌ನಲ್ಲೇ ಇದೆ. ಒಬ್ಬರು ಎಡ, ಇನ್ನೊಬ್ಬರು ಬಲ ಅಂದಿದ್ದರೆ ಡಾಕ್ಟರಿಗೆ ಕ್ವೆರಿ. ‘ಅನ್‌ಸ್ಪೆಸಿಫೈಡ್’ ಕಟ್ಟಕಡೆಗೆ.

ಚೆಂಡಿಗೆ ಡಬ್ಲ್ಯು21.03, ಆಟಕ್ಕೆ ವೈ93.64. ಇವು ರಾಷ್ಟ್ರಮಟ್ಟದಲ್ಲಿ ಕಡ್ಡಾಯವಲ್ಲ, ಆಯಾ ರಾಜ್ಯ ಅಥವಾ ಪೇಯರ್ (ಬಿಲ್ ಕಟ್ಟುವ ವಿಮೆಯವರು) ಕೇಳಿದರೆ ಬೇಕು. ಕ್ರಿಕೆಟ್ ಚೆಂಡು ಬಡಿದ ಚಾರ್ಟ್ ಬಂದರೆ ಗಾಬರಿ ಬೇಡ: ಚೆಂಡಿಗೆ ‘ಇತರೆ’ ಸಾಲಿನ ಡಬ್ಲ್ಯು21.09, ಆಟಕ್ಕೆ ವೈ93.69.