ಪದಚರ್ಚೆ: ಅಜ್ಜಿಯ ‘ಸುಧಾರಿಸ್ಕಂಡ್ವಿ’, ಕಾಯ್ದೆಯ ‘ಸುಧಾರಣೆ’

ಎಲ್ಲರಿಗೂ ನಮಸ್ಕಾರ.

ಸಾಗರದ ಕಡೆಯ ನಮ್ಮ ಅಜ್ಜಿಯ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಈಗ ಕೂತು ಬರೆದಿಡುತ್ತಿದ್ದೇನೆ. ಒಂದು ಕಡೆ ಅಜ್ಜಿ ಹೀಗೆ ಹೇಳುತ್ತಾರೆ: “ಡಿಕ್ಲರೇಷನ್ ಹಾಕಿದ್ವಿ. ಗದ್ದೆ ನಮ್ ಹೆಸರಿಗೆ ಆತು. ಆಮೇಲೆ ಸುಧಾರಿಸ್ಕಂಡ್ವಿ.” ಡಿಕ್ಲರೇಷನ್ ಅಂದರೆ, ಗೇಣಿಗೆ (ಒಡೆಯನಿಗೆ ಭತ್ತ ಅಳೆದುಕೊಟ್ಟು) ಉಳುತ್ತಿದ್ದ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಸರ್ಕಾರಕ್ಕೆ ಹಾಕುತ್ತಿದ್ದ ಅರ್ಜಿ. ಅಜ್ಜಿಯ ಆ ಕೊನೆಯ ಪದದ ಹತ್ತಿರ ಎರಡು ದಿನದಿಂದ ನಿಂತಿದ್ದೇನೆ.

ನಮ್ಮ ಮನೆಯಲ್ಲಿ ಈ ಪದ ಮೂರು ಥರ ಓಡಾಡುತ್ತದೆ. ಜ್ವರ ಬಿಟ್ಟವರನ್ನು ‘ಈಗ ಸುಧಾರಿಸಿದೆಯಾ?’ ಅಂತ ಕೇಳುತ್ತೇವೆ. ಹೊರೆ ಇಳಿಸಿ ಜಗಲಿ ಮೇಲೆ ಕೂತವರಿಗೆ ‘ಸ್ವಲ್ಪ ಸುಧಾರಿಸಿಕೋ, ಆಮೇಲೆ ಊಟ’ ಅನ್ನುತ್ತೇವೆ. ಹೇಳದೆ ಕೇಳದೆ ಹತ್ತು ಜನ ನೆಂಟರು ಬಂದರೆ, ಇದ್ದ ಸಾರಿಗೇ ನೀರು ಬೆರೆಸಿ ಹೇಗೋ ಸುಧಾರಿಸುತ್ತೇವೆ.

ಅದೇ ಪದ ಸರ್ಕಾರದ ಕಾಗದಕ್ಕೆ ಹೋದಾಗ ‘ಭೂ ಸುಧಾರಣೆ’. ಹೋರಾಟಗಾರರ ಬಾಯಲ್ಲಿ ಎಷ್ಟೋ ಸಲ ಬೈಗುಳದ ಹಾಗೆ ಕೇಳುತ್ತದೆ: ‘ಇದು ಬರೀ ಸುಧಾರಣೆ, ಬದಲಾವಣೆ ಅಲ್ಲ.’ ಅಂದರೆ ಸಾರಿಗೆ ನೀರು ಬೆರೆಸುವ ಅರ್ಥವೇ ಅಲ್ಲಿ ಮುಂದೆ ಬಂದಿದೆ, ಅಲ್ವಾ? 1936ರಲ್ಲಿ ಲಾಹೋರಿನ ಸಭೆಗೆಂದು ಬರೆದ, ಸಭೆಯೇ ರದ್ದಾಗಿ ಓದಲಾಗದೆ ಉಳಿದ ಭಾಷಣದಲ್ಲಿ ಅಂಬೇಡ್ಕರ್ ಈ ಪದವನ್ನು ಬಿಡಿಸಿ ನೋಡಿದ್ದರು. ವಿಧವೆಯರ ಮರುಮದುವೆ, ಬಾಲ್ಯವಿವಾಹದ ತಡೆಯಂಥ ಮನೆಯೊಳಗಿನ ಸುಧಾರಣೆ ಒಂದು. ಜಾತಿಯನ್ನು ಕಿತ್ತು ಸಮಾಜವನ್ನೇ ಹೊಸದಾಗಿ ಕಟ್ಟುವುದು ಇನ್ನೊಂದು. ಕನ್ನಡದಲ್ಲಿ ನಾವು ಎರಡಕ್ಕೂ ‘ಸಮಾಜ ಸುಧಾರಣೆ’ ಅಂತಲೇ ಬರೆಯುತ್ತಾ ಬಂದಿದ್ದೇವೆ. ಇದು ನನಗೆ ನಿಜವಾಗಿ ಕಸಿವಿಸಿ.

ಆದರೆ ಸಣ್ಣ ಸುಧಾರಣೆಯನ್ನು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ತಾಲೂಕಿನದೇ ಕಾಗೋಡು ನೋಡಿ. 1951ರ ಸತ್ಯಾಗ್ರಹದ ಬೇರು ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದಲ್ಲಿ. ಗೇಣಿ ವಸೂಲಿಗೆ ಬಳಸುವ ಕೊಳಗ ದೊಡ್ಡದು. ಒಂದೊಂದು ಅಳತೆಗೂ ಒಕ್ಕಲಿನ ಭತ್ತ ಜಾಸ್ತಿ ಹೋಗುತ್ತಿತ್ತು. ‘ಕೊಳಗ ಸರಿಯಾಗಲಿ’ ಅನ್ನುವುದು ಗೇಣಿಯನ್ನು ಒಪ್ಪಿಕೊಂಡೇ ಕೇಳಿದ ಮಾತು, ಅಪ್ಪಟ ಸುಧಾರಣೆ. ಅದೇ ಜಗಳ ‘ಉಳುವವನೇ ಹೊಲದೊಡೆಯ’ ಅನ್ನುವ ತನಕ ಬೆಳೆಯಿತು. 1961ರ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂದಾಗ ಗೇಣಿಯೇ ಹೋಯಿತು. ಒಡೆತನ ಕೈ ಬದಲಾಗಿದ್ದನ್ನೂ ಕಾಯ್ದೆ ಕರೆದದ್ದು ‘ಸುಧಾರಣೆ’ ಅಂತಲೇ.

ಹಾಗಂತ ಎಲ್ಲರಿಗೂ ಗದ್ದೆ ಬರಲಿಲ್ಲ. ಗೇಣಿಗೆ ಉಳುತ್ತಿದ್ದವರಿಗೆ ಬಂತು. ಅದೇ ಗದ್ದೆಯಲ್ಲಿ ನೆಟ್ಟು ಕೊಯ್ದ ಕೂಲಿಯವರಲ್ಲಿ, ಅದರಲ್ಲೂ ದಲಿತರಲ್ಲಿ, ಬಹುಪಾಲು ಜನ ಬರಿಗೈಯಲ್ಲೇ ಉಳಿದರು. ಎಪ್ಪತ್ತರ ದಶಕದಲ್ಲೇ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಹೆಸರಿನಲ್ಲಿ ಸುಧಾರಣೆ ಇಲ್ಲ, ಸಂಘರ್ಷ ಇದೆ. ಅದು ಸುಮ್ನೆ ಬಂದ ಪದ ಅಂತ ನನಗೆ ಅನ್ನಿಸುವುದಿಲ್ಲ. ಇನ್ನು 2020ರಲ್ಲಿ ಇದೇ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ಕೃಷಿಕರಲ್ಲದವರೂ ಹೊಲ ಕೊಳ್ಳಲು ದಾರಿ ಮಾಡಿದರು. ಕಾಯ್ದೆಯ ಹೆಸರು ಮಾತ್ರ ಆಗಲೂ ಭೂ ಸುಧಾರಣೆ.

ಕೊನೆಗೆ ಅಜ್ಜಿಗೇ ಫೋನ್ ಮಾಡಿದೆ. “ಸುಧಾರಿಸ್ಕಂಡ್ವಿ ಅಂದ್ರಲ್ಲ, ಹಾಗಂದ್ರೆ ಏನಜ್ಜಿ?” “ಸುಗ್ಗೀಲಿ ಭತ್ತ ನಮ್ ಅಂಗಳದಲ್ಲೇ ಉಳೀತಲ್ಲ ಮಗಾ, ಅದೇ” ಅಂದರು.

ಇದು ಗುಣವಾದದ್ದೂ ಹೌದು, ದಣಿವಾರಿಸಿಕೊಂಡದ್ದೂ ಹೌದು. ನಿಭಾಯಿಸಿದ್ದಂತೂ ಅಲ್ಲ. ಗಮನಿಸಿ, ಅಜ್ಜಿಯ ಪದದಲ್ಲಿ ‘ಕೊಳ್ಳು’ ಇದೆ. ಯಾರೋ ಬಂದು ಇವರನ್ನು ಸುಧಾರಿಸಲಿಲ್ಲ, ಇವರೇ ಸುಧಾರಿಸಿಕೊಂಡರು. ಕಾಯ್ದೆಯ ‘ಸುಧಾರಣೆ’ಯಲ್ಲಿ ಆ ‘ಕೊಳ್ಳು’ ಬಿದ್ದುಹೋಗಿದೆ.

ಧಾರವಾಡ, ಮಂಡ್ಯ, ಕೋಲಾರ, ಕರಾವಳಿಯ ಗೆಳೆಯರನ್ನು ಕೇಳುವುದು ಇಷ್ಟು: ಗೇಣಿ ಬಿಟ್ಟು ಗದ್ದೆ ಕೈಗೆ ಬಂದದ್ದನ್ನು ನಿಮ್ಮ ಮನೆಯ ಹಿರಿಯರು ಯಾವ ಪದದಲ್ಲಿ ಹೇಳುತ್ತಾರೆ? ಅವರು ಹೇಳಿದ ಹಾಗೇ ಬರೆದು ಕಳಿಸುತ್ತೀರಾ?