ಕೂಡಿಟ್ಟಿರುವುದು 14,000 ರೂಪಾಯಿ: ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯಬೇಕೇ, ತಾರಸಿ ರಿಪೇರಿ ಮಾಡಿಸಬೇಕೇ?

ಪ್ರಶ್ನೆ: ಬೆಣ್ಣೆನಗರಿಯವಳು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಸಂಸಾರ. ಯಜಮಾನರು ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ತಿಂಗಳಿಗೆ 24,000 ರೂಪಾಯಿ ಸಂಬಳ. ಮನೆ ಸ್ವಂತದ್ದಾದ್ದರಿಂದ ಬಾಡಿಗೆಯ ಹೊರೆಯಿಲ್ಲ. ಆದರೆ ಇಬ್ಬರು ಮಕ್ಕಳ ಶಾಲೆಯ ಶುಲ್ಕ, ಅತ್ತೆಯವರ ಔಷಧಿ, ದಿನಸಿ, ಗ್ಯಾಸು ಎಲ್ಲ ಕಳೆದ ಮೇಲೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ತೀರಾ ಕಡಿಮೆ. ಹೀಗಿದ್ದರೂ ದಿನಕ್ಕೆ 40 ರೂಪಾಯಿಯಂತೆ ಪಿಗ್ಮಿ ಕಟ್ಟಿ ಒಂದು ವರ್ಷದಲ್ಲಿ 14,000 ರೂಪಾಯಿ ಕೂಡಿಸಿದ್ದೇನೆ.

ಮಗಳಿಗೆ 12 ವರ್ಷ, ಮಗನಿಗೆ 8. ನೆಂಟರ ಮದುವೆಗಳನ್ನು ಬಿಟ್ಟರೆ ಇಬ್ಬರೂ ಇದುವರೆಗೆ ಹೊರಗೆ ಒಂದು ರಾತ್ರಿ ಮಲಗಿದವರಲ್ಲ. ಈ ಬೇಸಿಗೆ ರಜೆಯಲ್ಲಿ ಎಲ್ಲಿಗಾದರೂ ಎರಡು ದಿನ ಕರೆದೊಯ್ಯೋಣವೆಂಬ ಆಸೆಯಿಂದಲೇ ಈ ಹಣವನ್ನು ಮುಟ್ಟದೆ ಇಟ್ಟಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ತಾರಸಿ ಸೋರಿ ಅಕ್ಕಿ ಡಬ್ಬಿಯ ಮೇಲೆ ಬಕೆಟ್ ಇಡುವಂತಾಗಿತ್ತು. ಅದನ್ನು ಸರಿಪಡಿಸಲು ಮೇಸ್ತ್ರಿ 11,000 ರೂಪಾಯಿ ಕೇಳುತ್ತಿದ್ದಾರೆ. ಈ ಹಣ ಅದಕ್ಕೇ ಹೋಗಬೇಕು, ಪ್ರವಾಸ ಉಳ್ಳವರ ಮಾತು ಎಂಬುದು ಯಜಮಾನರ ಅಭಿಪ್ರಾಯ. ಅವರು ಸಿಟ್ಟಿನಿಂದ ಹೇಳಿದ್ದಲ್ಲ, ಸಂಕಟದಿಂದಲೇ ಹೇಳಿದರು.

ಕೈ ಬಿಗಿಯಾಗಿರುವ ಸಂಸಾರಕ್ಕೆ ಮನೆಯಿಂದ ದೂರ ಹೋಗಿ ಕಳೆಯುವ ರಜೆ ನಿಜವಾಗಿಯೂ ಬೇಕೇ? ಅಥವಾ ಅಕ್ಕಪಕ್ಕದವರ ಫೋಟೋಗಳನ್ನು ನೋಡಿ ನನ್ನೊಳಗೆ ಹುಟ್ಟಿದ ಆಸೆಯನ್ನು ನಾನೇ ಮಕ್ಕಳ ಹೆಸರಿನಲ್ಲಿ ಬೆಳೆಸುತ್ತಿದ್ದೇನೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಮಲೆನಾಡಿನ ಮೇಷ್ಟ್ರು (ಸಾಗರ)

ತಾಯೀ, ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಯಜಮಾನರು ಹೇಳಿದ್ದು ಸರಿ. ಜೂನ್ ತಿಂಗಳ ಮಳೆ ಯಾರ ರಜೆಗೂ ಕಾಯುವುದಿಲ್ಲ. ಈ ವರ್ಷ 11,000ಕ್ಕೆ ಮುಗಿಯುವ ಕೆಲಸ, ನೀರು ಕಬ್ಬಿಣಕ್ಕೆ ಇಳಿದು ತುಕ್ಕು ಹಿಡಿದರೆ ಮುಂದಿನ ವರ್ಷ ಅದರ ಮೂರು ಪಟ್ಟು ಕೇಳುತ್ತದೆ.

ನಮ್ಮ ಬಾಲ್ಯದಲ್ಲಿ ರಜೆಯೆಂದರೆ ಅಜ್ಜನ ಮನೆ. ಪರೀಕ್ಷೆ ಮುಗಿದ ಮರುದಿನವೇ ಅಮ್ಮನ ಜೊತೆ ಬಸ್ಸು ಹತ್ತಿದರೆ ಶಾಲೆ ತೆರೆಯುವ ಹಿಂದಿನ ದಿನ ವಾಪಸು. ಹಲಸಿನ ಹಪ್ಪಳ ಹಚ್ಚುವಾಗ ಹಿಟ್ಟು ಕದ್ದು ತಿನ್ನುವುದು, ಕೆರೆಯಲ್ಲಿ ಈಜು ಕಲಿಯುವುದು, ರಾತ್ರಿ ಜಗಲಿಯ ಮೇಲೆ ಹತ್ತು ಮಕ್ಕಳು ಸಾಲಾಗಿ ಮಲಗುವುದು, ಇವೇ ನಮ್ಮ ಪ್ರವಾಸ. ಖರ್ಚು ಬಸ್ಸಿನ ಟಿಕೆಟ್ಟು ಮಾತ್ರ. ನಿಮ್ಮ ಮಕ್ಕಳನ್ನೂ ತವರಿಗೆ ಕರೆದುಕೊಂಡು ಹೋಗಿ ಬನ್ನಿ.

ಅದಲ್ಲದೆ ನೀವಿರುವ ಊರಿನ ಸುತ್ತಮುತ್ತಲೇ ಬೆಳಿಗ್ಗೆ ಹೋಗಿ ಸಂಜೆಗೆ ಹಿಂದಿರುಗಬಹುದಾದ ಸ್ಥಳಗಳು ಬೇಕಾದಷ್ಟಿವೆ. ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವಿದೆ. ಅರ್ಧ ಹರ, ಅರ್ಧ ಹರಿಯಾಗಿ ನಿಂತ ಆ ಮೂರ್ತಿಯನ್ನು ನೋಡಿದ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತೊಡಗುತ್ತಾರೆ. ಸಂತೇಬೆನ್ನೂರಿನ ಪುಷ್ಕರಣಿ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಏಳು ಸುತ್ತಿನ ಚಿತ್ರದುರ್ಗದ ಕೋಟೆ ಯಾವುದೂ ದೂರವಲ್ಲ. ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿ ಕಥೆ ಹೇಳಿದರೆ, ಆ ಕಿಂಡಿ ಎಷ್ಟು ಇಕ್ಕಟ್ಟಾಗಿದೆ ಎಂಬುದನ್ನು ಮೈಯಿಂದಲೇ ಅಳೆದು ನೋಡಿದ ಮಗು ಆ ಪಾಠವನ್ನು ಮತ್ತೆ ಮರೆಯುವುದಿಲ್ಲ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚು ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಹೊರಗೆ ರಾತ್ರಿ ತಂಗಿದರೇ ರಜೆ ಎಂಬ ನಿಯಮವೇನೂ ಇಲ್ಲವಲ್ಲ.

ಉತ್ತರ 2: ಕಂತು ಕಟ್ಟಿದವನು (ಹುಬ್ಬಳ್ಳಿ)

ಏನೇ ಮಾಡಿದರೂ ಸಾಲ ಮಾಡಿ ಮಾತ್ರ ಹೋಗಬೇಡಿ. ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ. ಮೊದಲು ಸುತ್ತಾಡಿ, ಆಮೇಲೆ ಕಟ್ಟಿ ಎಂಬ ಜಾಹೀರಾತನ್ನು ಮೊಬೈಲಿನಲ್ಲಿ ನೋಡಿ ನಾನು ಕೇರಳ ಪ್ರವಾಸಕ್ಕೆಂದು 60,000 ರೂಪಾಯಿ ಸಾಲ ತೆಗೆದುಕೊಂಡೆ. ವರ್ಷಕ್ಕೆ ಶೇಕಡಾ 24ರ ಬಡ್ಡಿ, 24 ಕಂತುಗಳು, ತಿಂಗಳಿಗೆ 3,172 ರೂಪಾಯಿ. ಒಟ್ಟು ಕಟ್ಟಿದ್ದು 76,000ಕ್ಕೂ ಮೇಲೆ. ಐದು ದಿನಗಳ ಪ್ರವಾಸಕ್ಕೆ ಎರಡು ವರ್ಷ ಪ್ರತಿ ತಿಂಗಳ 5ನೆಯ ತಾರೀಕು ಮನೆಯಲ್ಲಿ ಮೌನ. ಆಗ ಮಗನಿಗೆ ಮೂರು ವರ್ಷ. ಕೊನೆಯ ಕಂತು ಕಟ್ಟಿದ ದಿನ ದೋಣಿಮನೆಯ ಫೋಟೋ ತೋರಿಸಿದರೆ ಇದು ಯಾವ ಊರು ಎಂದು ಕೇಳಿದ.

ನೀವು ಹಣವನ್ನು ಮೊದಲೇ ಕೂಡಿಸಿದ್ದೀರಿ. ಅದೇ ನಿಮಗೂ ನನಗೂ ಇರುವ ದೊಡ್ಡ ವ್ಯತ್ಯಾಸ.

ಉತ್ತರ 3: ಹೊಲಿಗೆಯವಳು (ತುಮಕೂರು)

ಮೇಷ್ಟ್ರ ಮಾತನ್ನು ಗೌರವದಿಂದಲೇ ಓದಿದೆ. ತಾರಸಿಯ ವಿಷಯದಲ್ಲಿ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅವರ ಲೆಕ್ಕದಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸಕ್ಕೆ ಬುತ್ತಿ ಕಟ್ಟಲು ನಾಲ್ಕು ಗಂಟೆಗೆ ಏಳುವವಳು ಯಾರು? ಬಂದ ಮೇಲೆ ಡಬ್ಬಿಗಳನ್ನು ತೊಳೆದು ರಾತ್ರಿಯ ಅಡುಗೆಗೆ ಒಲೆ ಹಚ್ಚುವವಳು ಯಾರು? ಮಕ್ಕಳಿಗೆ ಶಾಲೆಯ ರಜೆಯಿದೆ, ಗಂಡನಿಗೆ ಭಾನುವಾರವಿದೆ. ಮನೆಯೇ ಕೆಲಸದ ಜಾಗವಾಗಿರುವ ಹೆಂಗಸಿಗೆ ಮನೆಯಲ್ಲೇ ಇದ್ದುಕೊಂಡು ರಜೆ ಸಿಗುವುದು ಹೇಗೆ? ಪ್ರವಾಸ ಬೇಕೇ ಎಂದು ಕೇಳುವಾಗ ಅದು ಮಕ್ಕಳಿಗೆ ಬೇಕೇ ಎಂದಷ್ಟೇ ಯೋಚಿಸುತ್ತೇವೆ. ನನ್ನ ಮಟ್ಟಿಗೆ ಅದು ಮೊದಲು ಬೇಕಾಗಿದ್ದು ನನಗೆ, ಮತ್ತು ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ, ಯಜಮಾನರು ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಹಿಂದಿನ ನವೆಂಬರಿನಲ್ಲಿ ನಾವು ನಾಲ್ವರು ಎರಡು ರಾತ್ರಿಗಳ ಮಟ್ಟಿಗೆ ಹಂಪಿಗೆ ಹೋಗಿ ಬಂದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥವರಿಗೆ ದೂರದ ಊರು ಹತ್ತಿರವಾಗಿದೆ. ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನನಗೂ ಮಗಳಿಗೂ ಟಿಕೆಟ್ಟಿನ ಹಣವಿಲ್ಲ, ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಯಜಮಾನರಿಗೆ ಪೂರ್ತಿ, ಮಗನಿಗೆ ಅರ್ಧ ಟಿಕೆಟ್ಟು, ಹೋಗಿ ಬರಲು ಸೇರಿ ಸುಮಾರು 1,100 ರೂಪಾಯಿ. ಹೊಸಪೇಟೆ ಬಸ್ ನಿಲ್ದಾಣದ ಬಳಿಯ ವಸತಿಗೃಹದಲ್ಲಿ ಎರಡು ರಾತ್ರಿಗೆ 2,400. ಮೊದಲ ದಿನ ಮನೆಯಿಂದ ಒಯ್ದ ಚಪಾತಿ, ಶೇಂಗಾ ಚಟ್ನಿಪುಡಿ. ಆಮೇಲಿನ ಊಟ ತಿಂಡಿಗೆ 2,300. ಒಂದು ದಿನದ ಆಟೋಗೆ 1,200. ವಿಠ್ಠಲ ದೇವಾಲಯಕ್ಕೆ ದೊಡ್ಡವರಿಗೆ ತಲಾ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಇಂಥ ಚಿಲ್ಲರೆ ಖರ್ಚೆಲ್ಲ ಸೇರಿ 200. ಎಳನೀರು, ಮಕ್ಕಳ ಆಟಿಕೆಗೆ 400. ಒಟ್ಟು 7,600. ಹಂಪಿ ಉತ್ಸವದ ದಿನಗಳನ್ನೂ ಏಪ್ರಿಲ್, ಮೇ ತಿಂಗಳ ಬಿಸಿಲನ್ನೂ ತಪ್ಪಿಸಿಕೊಂಡದ್ದು ಒಳ್ಳೆಯದಾಯಿತು. ಆ ಬಂಡೆಗಳ ನಡುವೆ ಬೇಸಿಗೆಯಲ್ಲಿ ಮಕ್ಕಳು ಒಂದು ಗಂಟೆಯೂ ನಡೆಯಲಾರರು.

ಎರಡನೆಯ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಐದು ಗಂಟೆಗೇ ಎಚ್ಚರವಾಯಿತು. ಎದ್ದು ಕೂತೆ. ಹಾಲು ಕಾಯಿಸುವಂತಿಲ್ಲ, ನೀರು ಹಿಡಿಯುವಂತಿಲ್ಲ, ಡಬ್ಬಿಗೆ ಏನು ಎಂದು ಯೋಚಿಸುವಂತಿಲ್ಲ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ಬೆಳಕಾಗುವುದನ್ನು ನೋಡುತ್ತ ಕೂತಿದ್ದೆ. ಯಜಮಾನರು ಕೆಳಗಿಳಿದು ಹೋಗಿ ಎರಡು ಲೋಟ ಚಹಾ ತಂದರು. ಮದುವೆಯಾಗಿ ಹದಿಮೂರು ವರ್ಷಗಳಲ್ಲಿ ಅವರು ನನಗೆ ಚಹಾ ತಂದುಕೊಟ್ಟದ್ದು ಅದೇ ಮೊದಲು. ಮನೆಯಲ್ಲಿ ಅವರಿಗೆ ಆ ಅವಕಾಶವೇ ಬಂದಿರಲಿಲ್ಲ ಎಂದು ಆಗ ಅನ್ನಿಸಿತು.

ಮಕ್ಕಳ ವಿಷಯಕ್ಕೆ ಬಂದರೆ, ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯೊಂದರಲ್ಲಿ ಸಣ್ಣ ಕಿಂಡಿಯ ಮೂಲಕ ಬರುವ ಬೆಳಕಿನಿಂದ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಮಗ ಅಲ್ಲಿಂದ ಕದಲಲಿಲ್ಲ. ಊರಿಗೆ ಬಂದ ಮೇಲೆ ರಟ್ಟಿನ ಪೆಟ್ಟಿಗೆಗೆ ಸೂಜಿಯಿಂದ ತೂತು ಮಾಡಿ, ಬೀದಿಯ ಮರವನ್ನು ತಲೆಕೆಳಗು ಮಾಡಿ ನನಗೆ ತೋರಿಸಿದ.

ಉತ್ತರ 4: ಥಾಣೆಯ ಕನ್ನಡಿಗ

ಅಜ್ಜನ ಮನೆಯ ಬಗ್ಗೆ ನನ್ನದೊಂದು ಮಾತು. ನಾನು ಥಾಣೆಗೆ ಬಂದು 16 ವರ್ಷವಾಯಿತು, ನನ್ನ ಊರು ವಿಜಯಪುರ ಜಿಲ್ಲೆಯಲ್ಲಿದೆ. ವರ್ಷಕ್ಕೊಮ್ಮೆ ಸಿಗುವ ಹತ್ತು ದಿನಗಳ ರಜೆಯೆಲ್ಲ ಊರಿಗೇ ಮೀಸಲು. ಐದು ವರ್ಷ ತುಂಬಿದ ಮಕ್ಕಳಿಗೆ ರೈಲಿನಲ್ಲಿ ಪ್ರತ್ಯೇಕ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ದರ ಕೊಡಬೇಕು; ಅದರ ಮೇಲೆ ಎಲ್ಲರಿಗೂ ಬಟ್ಟೆ, ಸಿಹಿ, ಜಾತ್ರೆಯ ಖರ್ಚು. ಊರಿನಲ್ಲಿ ನಾನು ಕಟ್ಟೆಯ ಮೇಲೆ ಗೆಳೆಯರೊಂದಿಗೆ ಕೂತರೆ ನನ್ನ ಹೆಂಡತಿ ಹನ್ನೆರಡು ಜನರಿಗೆ ರೊಟ್ಟಿ ಬಡಿಯುತ್ತಾಳೆ. ಅದನ್ನು ನಾವು ರಜೆಯೆಂದು ಕರೆಯುತ್ತಿದ್ದೆವು. ಊರಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ತಂದೆತಾಯಿಯನ್ನು ನೋಡುವುದು ನಮ್ಮ ಕರ್ತವ್ಯ, ಆದರೆ ಕರ್ತವ್ಯವನ್ನೇ ವಿಶ್ರಾಂತಿಯೆಂದು ಲೆಕ್ಕ ಹಾಕಬಾರದು.

ಎರಡು ವರ್ಷಗಳಿಂದ ನಾವು ಊರಿಗೆ ಹೋಗುವ ಮುನ್ನ ವಿಜಯಪುರದಲ್ಲೇ ಇಳಿದು ಒಂದು ರಾತ್ರಿ ತಂಗುತ್ತೇವೆ. ಹೇಗೂ ಅಲ್ಲಿಯವರೆಗಿನ ಟಿಕೆಟ್ಟು ಕೊಂಡಾಗಿರುವುದರಿಂದ ಹೆಚ್ಚಿನ ಖರ್ಚು ಒಂದು ಕೋಣೆ ಮತ್ತು ಎರಡು ಊಟದ್ದು ಮಾತ್ರ. ಗೋಲ ಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಮಗಳು ಆ ಕಡೆ, ಅವಳ ತಾಯಿ ಈ ಕಡೆ ಗೋಡೆಗೆ ಬಾಯಿಟ್ಟು ಅರ್ಧ ಗಂಟೆ ಮಾತನಾಡಿದರು. ಏನು ಮಾತನಾಡಿದರೆಂದು ನನಗೆ ಇಬ್ಬರೂ ಹೇಳಲಿಲ್ಲ.

ಬೆಣ್ಣೆನಗರಿಯವಳು

ಎಲ್ಲರ ಮಾತನ್ನೂ ನಿನ್ನೆ ರಾತ್ರಿ ಯಜಮಾನರಿಗೆ ಓದಿ ಹೇಳಿದೆ. ಮೇಷ್ಟ್ರೇ, ನನ್ನ ತಂದೆತಾಯಿ ಇಬ್ಬರೂ ಈಗಿಲ್ಲ. ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ, ನಾನು ಹುಟ್ಟಿ ಬೆಳೆದ ಭಾಗಕ್ಕೆ ಬೀಗ ಬಿದ್ದಿದೆ. ನನ್ನ ಮಕ್ಕಳಿಗೆ ಹೋಗಲು ಅಜ್ಜನ ಮನೆಯಿಲ್ಲ. ಇದನ್ನು ಮೊದಲೇ ಬರೆಯಬೇಕಿತ್ತು, ಬರೆಯಲು ಮನಸ್ಸಾಗಲಿಲ್ಲ.

ಮಲೆನಾಡಿನ ಮೇಷ್ಟ್ರು

ತಿಳಿಯದೆ ನೋಯಿಸಿದೆನಮ್ಮಾ, ಕ್ಷಮಿಸಿ. ತುಮಕೂರಿನ ತಂಗಿ ಕೇಳಿದ ಪ್ರಶ್ನೆಯನ್ನು ನಾನು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಅಜ್ಜನ ಮನೆಯ ಜಗಲಿ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ, ಹಪ್ಪಳದ ಹಿಟ್ಟಿನ ರುಚಿ ನೆನಪಿದೆ. ಆದರೆ ಆ ದಿನಗಳಲ್ಲಿ ನನ್ನ ಅಮ್ಮ ಮನೆಯ ಯಾವ ಮೂಲೆಯಲ್ಲಿ ಏನು ಮಾಡುತ್ತಿದ್ದಳೆಂದು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ.

ತಾರಸಿಯ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಮಾಡಿಸಿ, ಪಿಗ್ಮಿಯನ್ನು ನಿಲ್ಲಿಸದೆ ದಸರೆಯವರೆಗೆ ಮುಂದುವರಿಸಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಹಣ ಸಂಗ್ರಹಿಸುವ ಈ ಪದ್ಧತಿಯನ್ನು ಆರಂಭಿಸಿದ್ದು ನಿಮ್ಮಂಥ, ನಮ್ಮಂಥ ಸಂಸಾರಗಳಿಗಾಗಿಯೇ.

ಬೆಣ್ಣೆನಗರಿಯವಳು

ನಾವೂ ಇದೇ ಲೆಕ್ಕಕ್ಕೆ ಬಂದೆವು. ಮೇಸ್ತ್ರಿಗೆ 11,000 ಕೊಟ್ಟರೆ 3,000 ಉಳಿಯುತ್ತದೆ. ಏಪ್ರಿಲ್ ಮಧ್ಯದಿಂದ ಅಕ್ಟೋಬರ್ ಆರಂಭದವರೆಗೆ ಸುಮಾರು 170 ದಿನ, ದಿನಕ್ಕೆ 30ರಂತೆ ಕಟ್ಟಿದರೆ 5,100. ಒಟ್ಟು 8,100 ಆಗುತ್ತದೆ. ದಿನಕ್ಕೆ ಹತ್ತು ರೂಪಾಯಿಯನ್ನು ತಾವೂ ಸೇರಿಸುವುದಾಗಿ ಯಜಮಾನರು ತಾವಾಗಿಯೇ ಹೇಳಿದರು. ಈ ಬೇಸಿಗೆಯಲ್ಲಿ ಮಕ್ಕಳನ್ನು ಚಿತ್ರದುರ್ಗಕ್ಕೆ ಒಂದು ದಿನ ಅವರೇ ಕರೆದೊಯ್ಯುತ್ತಾರೆ, ನಾನು ಮನೆಯಲ್ಲಿರುತ್ತೇನೆ. ದಸರೆಯ ರಜೆಗೆ ಎಲ್ಲರೂ ಹಂಪಿಗೆ.

ತುಮಕೂರಿನ ಅಕ್ಕನವರಲ್ಲಿ ಒಂದು ಪ್ರಶ್ನೆ. ಅತ್ತೆಯವರಿಗೆ 68 ವರ್ಷ, ಮಂಡಿನೋವಿದೆ. ಅವರನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಅವರಿಗೆ ಅಲ್ಲಿ ಕಷ್ಟವಾದೀತೇ?

ಹೊಲಿಗೆಯವಳು (ತುಮಕೂರು)

ಖಂಡಿತ ಕರೆದುಕೊಂಡು ಹೋಗಿ, ಶಕ್ತಿಯಿಂದಾಗಿ ಅವರಿಗೂ ಬಸ್ಸಿನ ಖರ್ಚಿಲ್ಲ. ವಿರೂಪಾಕ್ಷನ ಗುಡಿ ಸಮತಟ್ಟಾಗಿದೆ. ವಿಠ್ಠಲ ದೇವಾಲಯದ ಹತ್ತಿರದವರೆಗೆ ಬ್ಯಾಟರಿ ಗಾಡಿ ಹೋಗುತ್ತದೆ. ಸಾಲು ಇರುವುದರಿಂದ ಬೆಳಿಗ್ಗೆ ಬೇಗ ಹೋಗಿ. ಮಾತಂಗ ಬೆಟ್ಟ ಅವರಿಗೆ ಬೇಡ. ಮಕ್ಕಳನ್ನು ಅಲ್ಲಿಗೆ ಯಜಮಾನರು ಹತ್ತಿಸಲಿ, ನೀವಿಬ್ಬರೂ ನದಿಯ ದಂಡೆಯಲ್ಲಿ ಕುಳಿತಿರಿ. ಕೋಣೆ ಕಾಯ್ದಿರಿಸುವಾಗ ನೆಲಮಹಡಿಯದ್ದೇ ಬೇಕು, ಕಮೋಡ್ ಇರಬೇಕು ಎಂದು ಫೋನಿನಲ್ಲೇ ಸ್ಪಷ್ಟವಾಗಿ ಹೇಳಿ. ಮತ್ತೆ, ದಾರಿಯ ಬುತ್ತಿಗೆಂದು ಹಿಂದಿನ ರಾತ್ರಿ ಒಲೆಯ ಮುಂದೆ ಕೂರಬೇಡಿ. ನಿಮ್ಮ ಊರಿನಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಮನೆಗಳಿರುತ್ತವೆ, ಇಪ್ಪತ್ತು ರೊಟ್ಟಿ ಕೊಂಡುಕೊಂಡು ಹೊರಡಿ.